ತೂಬು ಯಾರ ಕೈಯಲ್ಲಿ?

ಸೊರಬ ತಾಲ್ಲೂಕಿನ ಗುಡವಿಯ ಕೆರೆಯು ವಿಸ್ತಾರದಲ್ಲಿ ದೊಡ್ಡದೇನೂ ಅಲ್ಲ. 1989ರಲ್ಲಿ ಸರಕಾರದವರು ಪಕ್ಷಿಧಾಮವೆಂದು ಸಾರಿದ ಪ್ರದೇಶವೆಲ್ಲವೂ ಕೂಡಿ ಮುಕ್ಕಾಲು ಚದರ ಕಿಲೋಮೀಟರಿಗೆ ತುಸು ಕಡಿಮೆಯೇ. ಆದರೂ ಮುಂಗಾರು ಹಿಡಿದು, ಕೆರೆಯೊಳಗೆ ನಿಂತಿರುವ ಮರಗಳ ಬುಡವು ನೀರಿನಲ್ಲಿ ಮುಳುಗಿತೆಂದರೆ, ಬಿಳಿಯ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿ, ಇರುಳುಬಕ ಮುಂತಾದ ಹಕ್ಕಿಗಳು ಗುಂಪುಗುಂಪಾಗಿ ಬಂದು ಆ ಮರಗಳ ಮೇಲೆ ಸಂಸಾರ ಹೂಡುತ್ತವೆ. ಬುಡದಲ್ಲಿ ನೀರಿರುವ ಮರವನ್ನು ಕಾಡುಬೆಕ್ಕು ಮೊದಲಾದ ನೆಲದ ಕಳ್ಳರು ಸುಲಭವಾಗಿ ಏರಲಾರರು. ಮರಿಗಳಿಗೆ ಬೇಕಾದ ಮೀನು ಕಪ್ಪೆಗಳು ಸುತ್ತಲಿನ ಕೆರೆ ಗದ್ದೆಗಳಲ್ಲಿಯೇ ದೊರೆಯುವುವು. ಈ ಲೆಕ್ಕಾಚಾರವನ್ನು ಅವು ಯಾರಿಂದ ಕಲಿತವೋ. ಅಂತೂ ಮಳೆ ತಪ್ಪದಿದ್ದರೆ ಅವೂ ತಪ್ಪುವುದಿಲ್ಲ.

ಹಕ್ಕಿ ಬಂದ ಸುದ್ದಿಯು ಒಂದಾನೊಂದು ಕಾಲದಲ್ಲಿ ಕೆರೆಯ ದಂಡೆಯವರಿಗೆ ಕಿವಿಯಿಂದಲೇ ತಿಳಿಯುತ್ತಿದ್ದಿತು. ಪೇಟೆಯವರಿಗೆ ಸಂತೆಗೆ ಬಂದವರ ಬಾಯಿಂದ. ಬೆಂಗಳೂರಿನವರಿಗೆ ತಿಳಿಯುತ್ತಲೇ ಇರಲಿಲ್ಲ, ತಿಳಿಯಬೇಕೆಂದು ಅವರು ಬಯಸುತ್ತಲೂ ಇರಲಿಲ್ಲ. ಈಗ ದಂಡೆಯ ಮೇಲೆ ನಿಂತವನೊಬ್ಬನು ಕೈಯಲ್ಲಿರುವ ಮೊಬೈಲಿನಲ್ಲಿ ಬರೆದದ್ದು ಅಂದು ಸಂಜೆಯೊಳಗೆ ಧಾರವಾಡದ ವಿದ್ಯಾರ್ಥಿಗೂ, ಕ್ಯಾಲಿಫೋರ್ನಿಯದಲ್ಲಿ ನೆಲಸಿರುವ ಸಾಗರದ ಸಂಸಾರಕ್ಕೂ ತಲಪಬಹುದು. ಈ ವೇಗದ ಮಾತನ್ನು ಎಲ್ಲರೂ ಆಡುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದುಂಟು. ಅದನ್ನು ಕೇಳುವವರು ಕಡಮೆ. ಒಬ್ಬ ಮನುಷ್ಯನ ಮನೆಗೆ ದಿನವೂ ಬರತಕ್ಕ ಸುದ್ದಿಯಲ್ಲಿ ಇದು ಬರಲಿ, ಇದು ಬೇಡ ಎಂದು ನಿರ್ಣಯಿಸತಕ್ಕವನು ಯಾರು? ಆ ಮನುಷ್ಯನೋ, ಸುದ್ದಿಯನ್ನು ಬರೆದವನೋ, ನಡುವೆ ನಿಂತು ಹೊತ್ತು ತರುವವನೋ?

ಹಿಂದಿನವರು ಸುದ್ದಿಯನ್ನು ಹರಡಿದ ಬಗೆಗಳನ್ನು ನೋಡಿದರೆ ಪ್ರಶ್ನೆಯ ಸ್ವರೂಪವು ತಿಳಿಯಾಗುವುದು. ಶಿಕಾರಿಪುರ, ಸೊರಬಗಳು ಶಾಸನಗಳ ಸೀಮೆ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟವನ್ನು 1902ರಲ್ಲಿಯೂ ಎಂಟನೆಯದನ್ನು 1904ರಲ್ಲಿಯೂ ಹೊರಡಿಸಿದಾಗ ಈ ಎರಡು ತಾಲ್ಲೂಕುಗಳ ಕಲ್ಲುಗಳಿಗೇ ಆ ಸಂಪುಟಗಳಲ್ಲಿ ಬಹಳ ಪುಟಗಳು ಬೇಕಾದುವು. ತಾಳಗುಂದದ ಕಂಬವಾಗಲಿ, ಬಳ್ಳಿಗಾವೆಯ ದತ್ತಿಗಲ್ಲುಗಳಾಗಲಿ ನಿಂತ ನೆಲದಲ್ಲಿಯೇ ನಿಂತು ತಮ್ಮ ಮಾತನ್ನು ಹೇಳುತ್ತವೆ. ಕಲ್ಲಿನ ಸುದ್ದಿಗೆ ಒಂದು ಗಾಂಭೀರ್ಯವುಂಟು: ಅದು ಯಾರ ಬೆನ್ನನ್ನೂ ಹತ್ತುವುದಿಲ್ಲ. ಓದಬೇಕೆನ್ನುವವನು ತಾನೇ ಅಲ್ಲಿಗೆ ನಡೆದು ಹೋಗಬೇಕು. ಆದರೆ ಹೋದ ವರ್ಷ ಓದಿ ಬಂದ ಕಲ್ಲಿನ ಪಕ್ಕದಲ್ಲಿ ಈ ವರ್ಷ ಇನ್ನೊಂದು ಕಲ್ಲು ನಿಂತಿತೆಂಬುದು ದೂರದಲ್ಲಿರುವವನಿಗೆ ಗೊತ್ತಾಗುವ ಬಗೆಯಿಲ್ಲ.

ಡಂಗುರದ ರೀತಿಯು ಇದಕ್ಕೆ ತೀರ ವಿರುದ್ಧವಾದುದು. ಅದು ಬೀದಿಗೆ ಬರುತ್ತದೆ. ಬೇಕೆಂದವನಿಗೂ ಬೇಡವೆಂದವನಿಗೂ, ಉಣ್ಣುತ್ತಿರುವವನಿಗೂ ಮಲಗಿರುವವನಿಗೂ ಕೇಳಿಸುತ್ತದೆ. ಕೇಳದಿರುವ ಸ್ವಾತಂತ್ರ್ಯವು ಅಲ್ಲಿಲ್ಲ. ಹೀಗಿದ್ದರೂ ಡಂಗುರಕ್ಕೆ ಒಂದು ಸದ್ಗುಣವುಂಟೆಂಬುದನ್ನು ಮರೆಯಬಾರದು. ಅದು ಊರಿಗೆಲ್ಲ ಒಂದೇ ಮಾತನ್ನು ಹೇಳುತ್ತದೆ. ಗೌಡನಿಗೆ ಒಂದು, ಕೂಲಿಯವನಿಗೆ ಇನ್ನೊಂದು ಎಂಬ ಭೇದವು ತಮಟೆಗೆ ತಿಳಿಯದು. ಆದುದರಿಂದ ಸಾರಿದ್ದು ಸುಳ್ಳಾದರೆ ಊರವರು ಕಟ್ಟೆಯ ಮೇಲೆ ಕುಳಿತು ಅದು ಸುಳ್ಳೆಂದು ಕೂಡಿ ತೀರ್ಮಾನಿಸಬಲ್ಲರು.

ಇವೆರಡರ ನಡುವಣ ದಾರಿಯು ಚಂದಾ. ಹರ್ಮನ್ ಮೋಗ್ಲಿಂಗರ ಮಂಗಳೂರ ಸಮಾಚಾರವು 1843ರಲ್ಲಿ ಹೊರಟ ಮೇಲೆ ಕನ್ನಡಿಗರಿಗೆ ಈ ದಾರಿಯು ತೆರೆಯಿತು. 1907ರಲ್ಲಿ ಅಗಡಿಯಿಂದ ಹೊರಟ ಸದ್ಬೋಧ ಚಂದ್ರಿಕೆಯನ್ನು ಸುತ್ತಣ ಸೀಮೆಯ ಮನೆಗಳು ತರಿಸಿಕೊಂಡು ಓದಿದುವು. ಅದಕ್ಕಾಗಿ ದುಡಿದ ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿದ ಕಥೆಯನ್ನು ಕನ್ನಡ ಮನೆತನಗಳಲ್ಲಿ ಕೇಳದವರಿಲ್ಲ. ಚಂದಾದಾರನು ತಾನೇ ಒಂದು ಪತ್ರಿಕೆಯನ್ನು ಆರಿಸುತ್ತಾನೆ. ಆ ಮೇಲೆ ಅದು ತಾನಾಗಿಯೇ ಬರುತ್ತದೆ. ಆಯ್ಕೆ ಇವನದು, ನಡಿಗೆ ಅದರದು. ಕೊರತೆಯೆಂದರೆ ಅವನ ಹೆಸರು ವಿಳಾಸಗಳೆಲ್ಲ ಸಂಪಾದಕರ ಪುಸ್ತಕದಲ್ಲಿ ಬರೆದಿರಬೇಕು. ಬೇಡವಾದಾಗ ಕಾಗದ ಬರೆಯಬೇಕು. ಕಾಗದ ಬರೆಯುವ ಸೋಮಾರಿತನದಿಂದ ವಿ.ಪಿ.ಯನ್ನು ಹಿಂದಕ್ಕೆ ಕಳುಹಿಸಿಬಿಡುವವರಿಂದ ಎಷ್ಟು ಕನ್ನಡ ಮಾಸಪತ್ರಿಕೆಗಳ ಉಸಿರು ನಿಂತಿತೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಅಂತರ್ಜಾಲದ ತಾಣಗಳು ಹುಟ್ಟಿದಾಗ ಅವು ಕಲ್ಲಿನ ಜಾತಿಯವಾಗಿದ್ದುವು. ಒಬ್ಬನು ತನ್ನ ಪುಟದಲ್ಲಿ ಬರೆದಿಡುತ್ತಿದ್ದನು. ಓದುವವನು ಅಲ್ಲಿಗೆ ಹೋಗಬೇಕಾಗಿತ್ತು. ಹೊಸದೇನಾದರೂ ಬಂದಿದೆಯೇ ಎಂದು ದಿನವೂ ಹತ್ತು ಬಾಗಿಲು ತಟ್ಟಿ, ಒಂಬತ್ತರಿಂದ ಬರಿಗೈಯಲ್ಲಿ ಹಿಂದಿರುಗುವುದು ಓದುಗನ ಪಾಡು. ಈ ಅಲೆದಾಟವನ್ನು ತಪ್ಪಿಸುವುದಕ್ಕೆ ಹುಟ್ಟಿದುದೇ ಫೀಡ್. ಅದರ ರಚನೆಯು ಬೆರಗುಗೊಳಿಸುವಷ್ಟು ಸರಳವಾದುದು. ತಾಣದವನು ತನ್ನ ಪುಟಗಳ ಜೊತೆಗೆ ಇನ್ನೊಂದು ಸಣ್ಣ ಕಡತವನ್ನಿಡುತ್ತಾನೆ. ಅದರಲ್ಲಿ ಈಚಿನ ಬರಹಗಳ ಶೀರ್ಷಿಕೆ, ದಿನಾಂಕ, ಅವು ಇರುವ ವಿಳಾಸ, ಒಂದೆರಡು ಸಾಲಿನ ಸಾರ ಅಥವಾ ಪೂರ್ತಿ ಬರಹ, ಇಷ್ಟು ಇರುತ್ತದೆ. ಯಾವ ಯಂತ್ರವೂ ಓದಬಲ್ಲಂತೆ ಎಲ್ಲರೂ ಒಪ್ಪಿದ ಒಂದೇ ವಿನ್ಯಾಸದಲ್ಲಿರುತ್ತದೆ. ಓದುಗನ ಕಡೆಯ ತಂತ್ರಾಂಶವೊಂದು ಅವನು ಹೇಳಿದ ಕಡತಗಳನ್ನು ಗಂಟೆಗೊಮ್ಮೆಯೋ ದಿನಕ್ಕೊಮ್ಮೆಯೋ ನೋಡಿ ಬಂದು, ಹೊಸದು ಕಂಡರೆ ಅವನ ಮುಂದಿಡುತ್ತದೆ. ಅಲೆದಾಟವು ನಿಂತುಹೋಗಲಿಲ್ಲ; ಆಳಿನ ಪಾಲಿಗೆ ಬಂದಿತು, ಅಷ್ಟೆ.

ಈ ಏರ್ಪಾಟಿನಲ್ಲಿ ಗಮನಿಸತಕ್ಕ ವಿಶೇಷವಿದು. ಓದುಗನ ಹೆಸರಾಗಲಿ ವಿಳಾಸವಾಗಲಿ ಬರೆಯುವವನಿಗೆ ಬೇಕಾಗಿಯೇ ಇಲ್ಲ. ಚಂದಾದಾರನಾಗುವಾಗ ಅರ್ಜಿಯಿಲ್ಲ, ಬಿಡುವಾಗ ಅಪ್ಪಣೆಯಿಲ್ಲ. ಪಟ್ಟಿಯಿಂದ ಒಂದು ಸಾಲನ್ನು ಅಳಿಸಿದರೆ ಮುಗಿಯಿತು, ವಿ.ಪಿ. ಹಿಂದಿರುಗಿಸಿದ ಪಾಪವೂ ತಗಲದು. ಬಂದ ಬರಹಗಳು ಸಾಮಾನ್ಯವಾಗಿ ಬಂದ ಕಾಲದ ಕ್ರಮದಲ್ಲಿಯೇ ನಿಲ್ಲುತ್ತವೆ. ಯಾವುದು ಮೇಲೆ ಯಾವುದು ಕೆಳಗೆ ಎಂದು ಏರ್ಪಡಿಸುವ ಮೂರನೆಯವನು ಇಲ್ಲ.

ಇದರ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ಮೊದಲ ವಿನ್ಯಾಸವನ್ನು 1999ರ ಮಾರ್ಚಿಯಲ್ಲಿ ಅಮೆರಿಕೆಯ ನೆಟ್‌ಸ್ಕೇಪ್ ಕಂಪೆನಿಯವರು ಹೊರಡಿಸಿದರು. 2000ದ ಕೊನೆಯಲ್ಲಿ ಬಂದ ಇನ್ನೊಂದು ವಿನ್ಯಾಸವನ್ನು ರೂಪಿಸಿದವರ ಕೂಟದಲ್ಲಿ ಹದಿನಾಲ್ಕು ವರ್ಷದ ಏರನ್ ಸ್ವಾರ್ಟ್ಜ್ ಎಂಬ ಹುಡುಗನಿದ್ದನು. 2002ರಲ್ಲಿ ಡೇವ್ ವೈನರ್ ಅವರು ಹೊರಡಿಸಿದುದು ಹೆಚ್ಚು ಬಳಕೆಗೆ ಬಂದಿತು. 2005ರಲ್ಲಿ ಆಟಂ ಎಂಬ ಮತ್ತೊಂದು ಬಂದಿತು. ಆರ್‌ಎಸ್‌ಎಸ್ ಎಂಬ ಮೂರಕ್ಷರದ ಹೆಸರನ್ನು ಮೂರು ಬಗೆಯಾಗಿ ಬಿಡಿಸಿ ಹೇಳಿದರೆಂದರೆ ಈ ಪಂಡಿತರ ಒಳಜಗಳವನ್ನು ಊಹಿಸಬಹುದು. ಆ ಮೂರಕ್ಷರಗಳಿಗೆ ಈ ದೇಶದಲ್ಲಿ ಬೇರೆಯೇ ಅರ್ಥವು ರೂಢಿಯಲ್ಲಿರುವುದರಿಂದ ಫೀಡ್ ಎಂಬ ಮಾತೇ ಇಲ್ಲಿ ಕ್ಷೇಮ. ಕನ್ನಡದಲ್ಲಿ ವಿಕಿಪೀಡಿಯವು 2003ರಲ್ಲಿ ಮೊದಲಾಯಿತು. ಅದರ ಯಾವ ಪುಟದಲ್ಲಿ ಯಾರು ಏನನ್ನು ತಿದ್ದಿದರೆಂಬುದನ್ನು ಇಂದಿಗೂ ಫೀಡಿನ ಮೂಲಕ ಕಾಯಬಹುದು. ಹರಿ ಪ್ರಸಾದ್ ನಾಡಿಗರ ಸಂಪದವು 2005ರಲ್ಲಿ ಆರಂಭವಾಯಿತು. ಆ ವರ್ಷಗಳಲ್ಲಿ ಯೂನಿಕೋಡ್ ಅಕ್ಷರಗಳು ಕೈಗೆ ಬಂದುದರಿಂದ, ಅಚ್ಚುಕೂಟದ ಮುಖವನ್ನೇ ನೋಡದ ಎಷ್ಟೋ ಕನ್ನಡಿಗರು ತಮ್ಮ ಸ್ವಂತ ಪುಟಗಳಲ್ಲಿ ಬರೆಯತೊಡಗಿದರು. ಉಚಿತವಾಗಿ ದೊರೆಯುತ್ತಿದ್ದ ಆ ಪುಟಗಳಿಗೆ ಫೀಡ್ ತಾನಾಗಿಯೇ ಅಂಟಿಕೊಂಡು ಬರುತ್ತಿದ್ದಿತು. ಬರೆಯುವವರಿಗೆ ಅದರ ಹೆಸರೂ ಗೊತ್ತಿಲ್ಲದೆ ಅವರನ್ನು ಅದು ಓದುಗರ ಮನೆಗೆ ಮುಟ್ಟಿಸುತ್ತಿದ್ದಿತು. ಅಕ್ಟೋಬರ್ 2005ರಲ್ಲಿ ಗೂಗಲ್ಲಿನವರು ತೆರೆದ ರೀಡರ್ ಎಂಬ ಓದುಮನೆಯು ಬಹುಜನರಿಗೆ ಅಚ್ಚುಮೆಚ್ಚಾಯಿತು. ಬಳಸುವವರು ಕಡಮೆಯಾದರೆಂದು ಹೇಳಿ 2013ರ ಜುಲೈ 1ರಂದು ಅದನ್ನು ಅವರು ಮುಚ್ಚಿದರು.

ಅಂದು ಮುಚ್ಚಿದುದು ಒಂದು ಅಂಗಡಿ ಮಾತ್ರ. ಫೀಡ್ ಯಾರೊಬ್ಬರ ಸ್ವತ್ತೂ ಅಲ್ಲದುದರಿಂದ ಅದನ್ನು ಮುಚ್ಚುವ ಅಧಿಕಾರವು ಯಾರಿಗೂ ಇರಲಿಲ್ಲ. ಈಗಲೂ ಪಾಡ್‌ಕಾಸ್ಟುಗಳ ವ್ಯವಸ್ಥೆಯು ನಿಂತಿರುವುದು ಫೀಡಿನ ಮೇಲೆಯೇ; ಕೇಳುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಅದನ್ನರಿಯರು ಎಂದರೂ ತಪ್ಪಾಗಲಾರದು. ಆದರೆ ಓದುವ ಮನೆತನಗಳಲ್ಲಿ ಬಹುಪಾಲು ಜನ ಅಂಗಡಿ ಮುಚ್ಚಿದೊಡನೆ ಮತ್ತೊಂದು ಅಂಗಡಿಯನ್ನು ಹುಡುಕಲಿಲ್ಲ. ಅಷ್ಟರಲ್ಲಿ ಅವರಿಗೆ ಬೇರೊಂದು ಸೌಕರ್ಯವು ದೊರೆತಿದ್ದಿತು. ಫೇಸ್‌ಬುಕ್ಕಿನವರು ಸೆಪ್ಟೆಂಬರ್ 2006ರಲ್ಲಿಯೇ ತಮ್ಮಲ್ಲಿ ಒಂದು ಸುದ್ದಿಯ ಹರಿವನ್ನು ತೆರೆದಿದ್ದರು. ಅದಕ್ಕೂ ಫೀಡ್ ಎಂದೇ ಹೆಸರು. ಹೆಸರು ಒಂದಾದರೂ ಕುಲವು ಬೇರೆ. ಇಲ್ಲಿ ಯಾವ ಬರಹವು ಮೇಲೆ ಬರಬೇಕು, ಯಾವುದು ಕಾಣದೆ ಹೋಗಬೇಕು ಎಂಬುದನ್ನು ಕಂಪೆನಿಯ ಗಣಿತವು ನಿರ್ಣಯಿಸುತ್ತದೆ. ಓದುಗನನ್ನು ಇನ್ನೂ ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸಬಲ್ಲುದು ಯಾವುದು ಎಂಬ ಊಹೆಗೆ ಆ ಗಣಿತದಲ್ಲಿ ದೊಡ್ಡ ಪಾಲು.

ಇಂಗ್ಲಿಷಿನ ಆ ಮಾತಿಗೆ ಉಣಿಸುವುದು ಎಂದು ಅರ್ಥ. ಗುಡವಿಯ ಮರಗಳ ಮೇಲೆ ಇರುಳುಬಕದ ಮರಿಗಳು ಉಣ್ಣುವ ರೀತಿಯನ್ನು ದೂರದರ್ಶಕದಲ್ಲಿ ನೋಡಿದವರಿಗೆ ಈ ಹೆಸರಿನ ಔಚಿತ್ಯವು ತಿಳಿಯುತ್ತದೆ. ತಾಯಿ ಬಂದು ಕುಳಿತೊಡನೆ ಮರಿಯು ಅದರ ಕೊಕ್ಕನ್ನು ಹಿಡಿದೆಳೆಯುವುದು. ತಾಯಿಯು ಅರೆಜೀರ್ಣವಾದ ಮೀನನ್ನು ಕಕ್ಕುವುದು. ಮರಿಯು ಅದು ಯಾವ ಮೀನೆಂದು ವಿಚಾರಿಸುವುದಿಲ್ಲ. ಹಕ್ಕಿಯಲ್ಲಿ ಇದು ವಾತ್ಸಲ್ಯ. ತಾಯಿಯ ಆಯ್ಕೆಗೂ ಮರಿಯ ಹಿತಕ್ಕೂ ಅಲ್ಲಿ ಅಂತರವಿಲ್ಲ. ರೆಕ್ಕೆ ಬಲಿತ ಮೇಲೆ ಮರಿಯು ತನ್ನ ಮೀನನ್ನು ತಾನೇ ಹಿಡಿಯುತ್ತದೆ. ಕಂಪೆನಿಗೂ ಓದುಗನಿಗೂ ನಡುವೆ ಆ ಸಂಬಂಧವಿದೆಯೆಂದು ಕಂಪೆನಿಯವರೂ ಹೇಳಲಾರರು. ಮರಿಯು ಬೆಳೆಯದೆ ಕೊಕ್ಕು ತೆರೆದುಕೊಂಡೇ ಇದ್ದರೆ ಇಲ್ಲಿ ಉಣಿಸುವವನಿಗೆ ಲಾಭ.

ಕೆರೆಯ ಸೀಮೆಯವರಿಗೆ ಇನ್ನೊಂದು ಹೋಲಿಕೆಯು ಹೆಚ್ಚು ಹತ್ತಿರವಾದೀತು. ಕೆರೆಯ ನೀರನ್ನು ತೂಬಿನಿಂದ ಬಿಡತಕ್ಕವನು ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವನ ಕೈಯಲ್ಲಿರುತ್ತಿದ್ದಿತು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ನೀರುಗಂಟಿಯ ಅಧಿಕಾರವು ಸಣ್ಣದಾಗಿರಲಿಲ್ಲ. ಪಕ್ಷಪಾತದ ಮಾತು, ಜಗಳ, ನ್ಯಾಯ ಎಲ್ಲವೂ ಇದ್ದುವು. ಆದರೆ ಅವನು ಊರಿನವನು. ಅವನಿಗೆ ಕೊಡತಕ್ಕ ಭತ್ತವನ್ನು ಊರವರೇ ಅಳೆಯುತ್ತಿದ್ದರು. ತಪ್ಪಿದರೆ ಕರೆದು ಕೇಳುವುದಕ್ಕೆ ಊರಿನ ಕಟ್ಟೆಯಿದ್ದಿತು. ನಡುವೆ ಒಬ್ಬ ಹಂಚುವವನಿರುವುದೇ ಅನ್ಯಾಯವೆಂದು ಯಾರೂ ಹೇಳುವಂತಿಲ್ಲ. ಪತ್ರಿಕೆಯ ಸಂಪಾದಕನೂ ಅಂಥವನೇ ಅಲ್ಲವೆ? ಅವನೂ ಆರಿಸುತ್ತಾನೆ, ಬಿಡುತ್ತಾನೆ. ಆದರೆ ಅವನ ಹೆಸರು ಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ; ಅವನು ಇಂದು ಆರಿಸಿದ್ದು ಎಲ್ಲ ಚಂದಾದಾರರಿಗೂ ಒಂದೇ. ಹೊಸ ನೀರುಗಂಟಿಯನ್ನು ಊರವರು ಕಂಡಿಲ್ಲ. ಅವನು ಪ್ರತಿಯೊಬ್ಬರ ಗದ್ದೆಗೂ ಬೇರೆಬೇರೆ ಹೊತ್ತಿನಲ್ಲಿ ಬೇರೆಬೇರೆ ನೀರನ್ನು ಬಿಡುತ್ತಾನೆ. ಪಕ್ಕದ ಗದ್ದೆಗೆ ಏನು ಹರಿಯಿತೆಂಬುದು ಇವನಿಗೆ ತಿಳಿಯದು. ಡಂಗುರದಲ್ಲಿದ್ದ ಬಲವಂತವೂ ಉಳಿದು, ಡಂಗುರದಲ್ಲಿದ್ದ ಸಮಾನತೆಯೂ ಹೋದರೆ ಉಳಿಯುವುದು ಇದೇ. ಒಂದೇ ಮನೆಯಲ್ಲಿ ತಂದೆಗೆ ಒಂದು ದೇಶವೂ ಮಗಳಿಗೆ ಇನ್ನೊಂದು ದೇಶವೂ ಕಾಣಿಸುತ್ತಿರುವಾಗ ಊಟದ ಹೊತ್ತಿನಲ್ಲಿ ಅವರು ವಾದಿಸುವುದಾದರೂ ಯಾವುದನ್ನು ಹಿಡಿದು?

ಇಲ್ಲಿ ನ್ಯಾಯವಾದ ಆಕ್ಷೇಪವೊಂದು ಎದ್ದುನಿಲ್ಲುತ್ತದೆ. ತನಗೆ ಬೇಕಾದುದನ್ನು ತಾನೇ ಆರಿಸುವವನು ತನಗೆ ಒಗ್ಗುವುದನ್ನೇ ಆರಿಸುವನಲ್ಲವೆ? ತನ್ನ ಜಾತಿ, ತನ್ನ ಪಕ್ಷ, ತನ್ನ ಊರಿನ ಬರಹಗಾರರ ಹತ್ತು ಫೀಡುಗಳನ್ನು ಕೂಡಿಸಿಕೊಂಡು, ಲೋಕವೆಂದರೆ ಇಷ್ಟೇ ಎಂದು ತಿಳಿದು ಕೂರುವವನು ಕೂಪಮಂಡೂಕನಲ್ಲದೆ ಮತ್ತೇನು? ಇದನ್ನು ಅಲ್ಲಗಳೆಯುವಂತಿಲ್ಲ. ಫೀಡನ್ನು ಬಹಳ ಹೊಗಳುವವರು ಈ ಮಾತಿಗೆ ಸರಿಯಾದ ಉತ್ತರವನ್ನು ಕೊಟ್ಟುದು ಕಡಮೆ. ಆದರೂ ಎರಡು ಬಾವಿಗಳಿಗೆ ಒಂದು ಭೇದವುಂಟು. ತಾನೇ ತೋಡಿದ ಬಾವಿಯ ಗೋಡೆಯು ಕಣ್ಣಿಗೆ ಕಾಣುತ್ತದೆ. ಆ ಹತ್ತು ಹೆಸರುಗಳ ಪಟ್ಟಿಯು ಅವನ ಮುಂದೆಯೇ ಇರುತ್ತದೆ. ಒಂದು ದಿನ ನಾಚಿಕೆಯಾದರೆ, ಅಥವಾ ಗೆಳೆಯನೊಬ್ಬನು ನೋಡಿ ನಕ್ಕರೆ, ಹನ್ನೊಂದನೆಯದಾಗಿ ತನಗೆ ಒಗ್ಗದವನೊಬ್ಬನನ್ನು ಅವನು ಸೇರಿಸಬಹುದು. ಮತ್ತೊಬ್ಬರು ತೋಡಿದ ಬಾವಿಯಲ್ಲಿರುವವನಿಗೆ ಗೋಡೆಯೇ ಕಾಣದು. ತಾನು ಬಯಲಿನಲ್ಲಿರುವೆನೆಂದೇ ಅವನ ಎಣಿಕೆ. ಆರಿಸುವವನಿಗೆ ತಪ್ಪಿತಸ್ಥನಾಗುವ ಯೋಗ್ಯತೆಯಾದರೂ ಉಂಟು. ಆರಿಸದವನಿಗೆ ಅದೂ ಇಲ್ಲ.

ಇನ್ನೊಂದು ತೊಡಕು ಅಷ್ಟು ಗಹನವಲ್ಲದಿದ್ದರೂ ಜನರನ್ನು ಹೆಚ್ಚಾಗಿ ಕಾಡಿದುದು ಅದೇ. ಉತ್ಸಾಹದಿಂದ ನೂರು ಫೀಡುಗಳನ್ನು ಸೇರಿಸಿಕೊಂಡವನು ಒಂದು ವಾರ ಊರಿಗೆ ಹೋಗಿ ಬರುವಷ್ಟರಲ್ಲಿ ಓದದೆ ಉಳಿದ ಬರಹಗಳ ಎಣಿಕೆಯು ಸಾವಿರವನ್ನು ದಾಟಿರುತ್ತಿದ್ದಿತು. ಆ ರೀಡರಿನವರು ಸಾವಿರದ ಮೇಲೆ ಲೆಕ್ಕ ಮಾಡುವುದನ್ನೇ ಬಿಟ್ಟು ಬರಿಯ ಒಂದು ಅಧಿಕಚಿಹ್ನೆಯನ್ನು ಹಾಕುತ್ತಿದ್ದರು. ಓದದ ಬರಹವು ತೀರಿಸದ ಸಾಲದಂತೆ ಎದೆಯ ಮೇಲೆ ಕೂರುವುದು. ಕೂತು ಕೂತು ಕೊನೆಗೆ ಆ ಮನೆಯ ಬಾಗಿಲನ್ನೇ ತೆರೆಯದಂತೆ ಮಾಡುವುದು. ಆದರೆ ಇದು ನಿಜವಾಗಿಯೂ ಸಾಲವೇ? ಡೇವ್ ವೈನರ್ ಅವರು ಮೊದಲಿನಿಂದಲೂ ಇದನ್ನು ಹೊಳೆಯೆಂದು ಭಾವಿಸಬೇಕೆಂದು ವಾದಿಸುತ್ತ ಬಂದಿದ್ದಾರೆ: ದಂಡೆಗೆ ಬಂದಾಗ ಹರಿಯುವುದನ್ನು ನೋಡುವುದು, ಬಾರದಾಗ ಹರಿದುಹೋದುದು ಹರಿದುಹೋಯಿತು. ವರದಾ ನದಿಯ ಬದಿಯವರಿಗೆ ಈ ಉಪಮಾನವು ಹೊಸದಲ್ಲ. ನಿನ್ನೆ ಹರಿದುಹೋದ ನೀರಿಗಾಗಿ ಬನವಾಸಿಯಲ್ಲಿ ಯಾರೂ ಅತ್ತವರಿಲ್ಲ. ಆದರೂ ಎಲ್ಲ ಬರಹಗಳಿಗೂ ಇದು ಹೊಂದುವುದಿಲ್ಲವೆಂದೇ ತೋರುತ್ತದೆ. ದಿನಕ್ಕೆ ನಲವತ್ತು ಸಲ ಹೊರಡುವ ಸುದ್ದಿಯು ಹೊಳೆ. ವರ್ಷಕ್ಕೆ ಎರಡು ಸಲ ಬರೆಯುವವನ ಬರಹವು ಹೊಳೆಯಲ್ಲ, ಗುಡವಿಗೆ ಬರುವ ಹಕ್ಕಿ.

ಫೀಡಿನ ಬೆಲೆಯು ಗೊತ್ತಾಗುವುದು ಈ ಎರಡನೆಯವನಲ್ಲಿಯೇ. ಸೊರಬದ ಕಡೆಯ ಒಬ್ಬ ನಿವೃತ್ತ ಉಪಾಧ್ಯಾಯನು ತನ್ನ ಸುತ್ತಣ ಹಳ್ಳಿಗಳ ವೀರಗಲ್ಲುಗಳನ್ನು ನೋಡಿ ಬಂದು, ಬಿಡುವಾದಾಗ ತನ್ನ ಪುಟದಲ್ಲಿ ಒಂದು ಲೇಖನ ಬರೆಯುತ್ತಾನೆಂದು ಭಾವಿಸಬಹುದು. ಒಂದು ಲೇಖನಕ್ಕೂ ಇನ್ನೊಂದಕ್ಕೂ ಏಳು ತಿಂಗಳು ಕಳೆಯುತ್ತವೆ. ದಿನದಿನವೂ ಕೂಗುವವರಿಗೆ ಮೇಲಣ ಪೀಠ ಹಾಕುವ ಗಣಿತದಲ್ಲಿ ಇಂಥವನು ಮೂರನೆಯ ತಿಂಗಳಿಗೇ ಮರೆಯಾಗುತ್ತಾನೆ. ಎಂಟನೆಯ ತಿಂಗಳಲ್ಲಿ ಬರೆದುದು ಅವನನ್ನು ಮೆಚ್ಚಿದವರಿಗೂ ಕಾಣಿಸದು. ಫೀಡಿನ ಪಟ್ಟಿಯಲ್ಲಿ ಅವನ ಹೆಸರು ಏಳು ತಿಂಗಳೂ ಮೌನವಾಗಿ ಇದ್ದು, ಬರೆದ ದಿನ ಎಲ್ಲರ ಸಾಲಿನಲ್ಲಿ ಸರಿಸಮನಾಗಿ ನಿಲ್ಲುತ್ತದೆ. ಒಬ್ಬನ ಫೀಡನ್ನು ತನ್ನ ಪಟ್ಟಿಗೆ ಸೇರಿಸುವುದೆಂದರೆ, ನೀನು ಯಾವಾಗ ಮಾತನಾಡಿದರೂ ಕೇಳಿಸಿಕೊಳ್ಳುವೆನು ಎಂದು ಅವನಿಗೆ ತಿಳಿಯದಂತೆಯೇ ಕೊಟ್ಟ ಒಂದು ಮಾತು. ಮಾತು ಕೊಟ್ಟವನನ್ನು ಬರೆಯುವವನು ಎಂದೂ ಕಾಣುವುದಿಲ್ಲ, ಮುರಿದರೂ ತಿಳಿಯುವುದಿಲ್ಲ. ಯಾರೂ ನೋಡದಾಗ ಉಳಿಸಿಕೊಂಡ ಮಾತಿಗೆ ನಮ್ಮ ಹಿರಿಯರು ಕೊಟ್ಟ ಗೌರವವನ್ನು ಇಂಥ ಸಣ್ಣ ವಿಷಯಕ್ಕೂ ಸಲ್ಲಿಸಬಾರದೇಕೆ?

ಬರೆಯುವವನ ಕಡೆಯ ದೂರನ್ನೂ ಕೇಳಬೇಕು. ಫೀಡಿನಲ್ಲಿಯೇ ಪೂರ್ತಿ ಓದಿ ಮುಗಿಸುವವನು ತಾಣಕ್ಕೆ ಕಾಲಿಡುವುದಿಲ್ಲ. ಅಲ್ಲಿಯ ಜಾಹೀರಾತು ಅವನ ಕಣ್ಣಿಗೆ ಬೀಳುವುದಿಲ್ಲ. ಎಷ್ಟು ಮಂದಿ ಓದಿದರೆಂಬ ಲೆಕ್ಕವೂ ಬರೆದವನಿಗೆ ಸಿಕ್ಕದು. ಅದಕ್ಕಾಗಿಯೇ ಹಲವರು ಎರಡು ಸಾಲಿನ ಸಾರವನ್ನು ಮಾತ್ರ ಫೀಡಿನಲ್ಲಿಡುತ್ತಾರೆ; ಕೆಲವರು ಫೀಡನ್ನೇ ತೆಗೆದಿದ್ದಾರೆ. ಇದಕ್ಕಿಂತ ಕೆಟ್ಟ ಸಂಗತಿಯೂ ಉಂಟು. ಪೂರ್ತಿ ಬರಹವಿರುವ ಫೀಡುಗಳನ್ನು ಯಂತ್ರದಿಂದ ಎತ್ತಿ, ಬರೆದವರ ಹೆಸರನ್ನು ಕಳಚಿ, ತಮ್ಮ ತಾಣದಲ್ಲಿ ತುಂಬಿಕೊಂಡು ಜಾಹೀರಾತಿನ ಹಣವನ್ನು ಎಣಿಸಿಕೊಂಡವರು ಎಲ್ಲ ಭಾಷೆಗಳಲ್ಲಿಯೂ ಇದ್ದಾರೆ. ಬಾಗಿಲಿಗೆ ಬೀಗವಿಲ್ಲದ ಮನೆಯಲ್ಲಿ ಕದ್ದುದು ಕಳವಲ್ಲವೆಂದು ವಾದಿಸುವವರೊಡನೆ ಚರ್ಚೆಯು ವ್ಯರ್ಥ.

ಹಂಚುವುದರ ಸೊಗಸಾದ ರೂಪವೂ ಇಲ್ಲಿಯೇ ಇದೆ. ಫೀಡುಗಳ ಪಟ್ಟಿಯನ್ನೇ ಒಂದು ಕಡತವಾಗಿ ಬರೆದು ಇನ್ನೊಬ್ಬರಿಗೆ ಕೊಡಬಹುದು. ಯಾವ ಓದುವ ತಂತ್ರಾಂಶವಾದರೂ ಅದನ್ನು ಒಳಗೆ ತೆಗೆದುಕೊಳ್ಳುತ್ತದೆ. ರೀಡರ್ ಮುಚ್ಚಿದಾಗ ಜಾಣರು ತಮ್ಮ ಗಂಟುಮೂಟೆಯನ್ನು ಕಟ್ಟಿಕೊಂಡು ಬೇರೆ ಮನೆಗೆ ಹೋದದ್ದು ಹೀಗೆಯೇ. ಒಂದು ಬರಹವನ್ನು ಮುಂದಕ್ಕೆ ತಳ್ಳುವುದಕ್ಕೂ ಒಂದು ಪಟ್ಟಿಯನ್ನು ಕೈಯಲ್ಲಿಡುವುದಕ್ಕೂ ಅಂತರವಿದೆ. ಮೊದಲನೆಯದು ಬೆಂದ ಅನ್ನ. ಅದು ಬಂದದ್ದು ಎಲ್ಲಿಂದ, ಬೇಯಿಸಿದವರು ಯಾರು ಎಂಬುದು ನಾಲ್ಕು ಕೈ ದಾಟುವಷ್ಟರಲ್ಲಿ ಅಳಿಸಿಹೋಗಿರುತ್ತದೆ. ಎರಡನೆಯದು ಬಿತ್ತನೆಯ ಬೀಜ. ಮಗಳು ಪರದೇಶಕ್ಕೆ ಹೋಗುವಾಗ ತಂದೆಯು ತಾನು ಹತ್ತು ವರ್ಷ ಓದಿದ ಕನ್ನಡ ಬರಹಗಾರರ ಪಟ್ಟಿಯನ್ನು ಕೊಟ್ಟರೆ, ಅವಳು ಅದರಲ್ಲಿ ಅರ್ಧವನ್ನು ಅಳಿಸಿ ತನ್ನವರನ್ನು ಸೇರಿಸುವಳು. ಹಾಗೆ ಅಳಿಸುವುದರಲ್ಲಿಯೂ ತಂದೆಯ ಅಭಿರುಚಿಯೊಡನೆ ಅವಳ ಒಂದು ಮಾತುಕತೆ ನಡೆದಿರುತ್ತದೆ.

ಹಾಗಾದರೆ ಹಂಚಬಲ್ಲುದನ್ನೆಲ್ಲ ಹಂಚತಕ್ಕದ್ದೇ? ಈ ಕೊನೆಯ ಪ್ರಶ್ನೆಯು ಮತ್ತೆ ಗುಡವಿಯ ದಂಡೆಗೆ ಕರೆತರುತ್ತದೆ. ಹಕ್ಕಿ ನೋಡುವವರು ತಾವು ಕಂಡುದನ್ನು ಬರೆದಿಡುವ ಇ-ಬರ್ಡ್ ಎಂಬ ಕೋಶವನ್ನು ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿಶಾಸ್ತ್ರದವರು ಆಡುಬಾನ್ ಸಂಘದವರೊಡನೆ ಕೂಡಿ 2002ರಲ್ಲಿ ಆರಂಭಿಸಿದರು. ಈಗ ಕರ್ನಾಟಕದ ಹಕ್ಕಿಗಾರರೂ ಅದರಲ್ಲಿಯೇ ಬರೆಯುತ್ತಾರೆ. ತನ್ನ ಪ್ರದೇಶದಲ್ಲಿ ಅಪರೂಪದ ಹಕ್ಕಿಯೊಂದು ಕಂಡಿತೆಂದರೆ ಗಂಟೆಗೊಮ್ಮೆಯೋ ದಿನಕ್ಕೊಮ್ಮೆಯೋ ತನಗೆ ತಿಳಿಸಬೇಕೆಂದು ಓದುಗನು ಅಲ್ಲಿ ಹೇಳಿಡಬಹುದು. ಇದು ಮಿಂಚಂಚೆಯಲ್ಲಿ ಬರುವುದಾದರೂ ಗುಣದಲ್ಲಿ ಫೀಡಿನ ಸೋದರನೇ: ಕೇಳಿದವನಿಗೆ, ಕೇಳಿದುದು. ಬರೆದವನದೂ ಶುದ್ಧ ಮನಸ್ಸು, ಓದುವವನದೂ ಶುದ್ಧ ಮನಸ್ಸು. ಆದರೆ ಆ ಸುದ್ದಿಯ ವಿಷಯವಾದ ಮೂರನೆಯದೊಂದಿದೆ. ಅದನ್ನು ಯಾರೂ ಕೇಳಲಿಲ್ಲ. ಗೂಡಿನ ಹತ್ತಿರ ಜನ ನೆರೆದರೆ ತಾಯಿಯು ಎದ್ದು ಹಾರುತ್ತದೆ. ಅದು ಹಿಂದಿರುಗುವ ಹತ್ತು ನಿಮಿಷದೊಳಗೆ ಕಾಗೆಯು ಮೊಟ್ಟೆಯನ್ನು ಒಡೆದಿರುತ್ತದೆ. ಬೆದರಿದ ಮರಿಯು ಕೆಳಗಣ ನೀರಿಗೆ ಬಿದ್ದರೆ ಮತ್ತೆ ಏರಲಾರದು. ಒಬ್ಬನು ಬಂದುದರಿಂದ ಕೆಡಕಾಗದು. ಅವನು ಹೇಳಿದುದನ್ನು ಕೇಳಿ ಐವತ್ತು ಮಂದಿ ಬಂದುದರಿಂದ ಆಗುವುದು. ಇಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ನಿಜವನ್ನು, ಕೇಳಿದವರಿಗೇ ಹೇಳಿದುದರಿಂದ ಆದ ಹಾನಿಯಿದು. ಆದುದರಿಂದಲೇ ಇದರ ವಿಚಾರವು ಸುಳ್ಳಿನ ವಿಚಾರಕ್ಕಿಂತ ಕಷ್ಟವಾದುದು.

ಆ ಕೋಶದವರು ಇದನ್ನು ತಿಳಿದು, ಬೇಟೆಗಾಗಲಿ ಜನಸಂದಣಿಗಾಗಲಿ ಈಡಾಗಬಹುದಾದ ಕೆಲವು ಜಾತಿಗಳ ನೆಲೆಯನ್ನು ಸಾರ್ವಜನಿಕರಿಗೆ ನಿಖರವಾಗಿ ತೋರಿಸುವುದಿಲ್ಲ. ಬರೆದವನ ದಾಖಲೆಯು ಶಾಸ್ತ್ರಕ್ಕೆ ಉಳಿಯುತ್ತದೆ, ಜಾಗವು ಮಾತ್ರ ಮರ್ಯಾದೆಯ ತೆರೆಯ ಹಿಂದಿರುತ್ತದೆ. ಗುಡವಿಯ ಕೆಂಬರಲು ಬೆಳ್ಳಕ್ಕಿಗಳೇನೂ ಅಂಥ ಅಪರೂಪದವಲ್ಲ. ಅವು ಅಲ್ಲಿ ಕೂಡುವುವೆಂಬುದು ಗುಟ್ಟೂ ಅಲ್ಲ, ಸರಕಾರದವರೇ ಫಲಕ ಹಾಕಿದ್ದಾರೆ. ಆದರೂ ಯಾವ ಮರದ ಯಾವ ಕೊಂಬೆ, ಯಾವ ಕಡೆಯ ದಂಡೆಯಿಂದ ಹತ್ತಿರ ಹೋಗಬಹುದು ಎಂಬ ವಿವರವು ಮೊಟ್ಟೆಯ ತಿಂಗಳಲ್ಲಿ ಹೊರಡಬೇಕೆ ಎಂಬುದನ್ನು ಯಾವ ಯಂತ್ರವೂ ನಿರ್ಣಯಿಸದು. ಬರೆಯುವವನ ಬೆರಳೇ ಅಲ್ಲಿ ತೂಬು. ಇದಕ್ಕೆ ಕೆಲವರು ಅನುಸರಿಸುವ ರೀತಿಯೊಂದುಂಟು. ಅವರು ಅಂದಿನ ಎಣಿಕೆಯನ್ನು ಅಂದೇ ಪುಸ್ತಕದಲ್ಲಿ ಬರೆದಿಟ್ಟು, ಕೋಶಕ್ಕೆ ಏರಿಸುವುದನ್ನು ಗೂಡುಗಳು ಬರಿದಾಗುವವರೆಗೆ ತಡೆಯುತ್ತಾರೆ. ಪಟ್ಟಿಯು ಡಿಸೆಂಬರಿನಲ್ಲಿ ಸೇರಿದರೂ ಅದರ ಮೇಲೆ ನಿಲ್ಲುವ ದಿನಾಂಕವು ಜುಲೈಯದೇ. ಅಷ್ಟರಲ್ಲಿ ಮರಿಗಳು ಕೆರೆಯನ್ನು ಬಿಟ್ಟು ಹೋಗಿರುತ್ತವೆ.